ಪಿನ್ನು ಮೊದಲೋ ಹೆದೆ ಮೊದಲೋ

ಹಳೆಯ ಕಾಂಪೌಂಡ್ ಬಿಲ್ಲು ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಅದನ್ನು ಎಳೆಯದೆ ಇರುವುದು. ಎಷ್ಟು ಓದಿಕೊಂಡು ಬಂದವರಿಗೂ ಇದು ಕಷ್ಟ. ಹಿಡಿ ಅಂಗೈಗೆ ಸಿಕ್ಕಿದ ಕೂಡಲೇ ಇನ್ನೊಂದು ಕೈ ತಾನಾಗಿಯೇ ಹೆದೆಯ ಕಡೆಗೆ ಹೋಗುತ್ತದೆ. ನನ್ನ ಕೈಯೂ ಹೋಗುತ್ತಿತ್ತು. ಮೊದಲ ವರ್ಷವಿಡೀ ನಾನು ಆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ಬಿಲ್ಲು ನೋಡುತ್ತಿದ್ದೆ.

ಚಳ್ಳಕೆರೆಯ ಬಿಲ್ಲುಗಾರಿಕೆ ತರಬೇತಿ ಕೇಂದ್ರದ ಸಲಕರಣೆ ಕೊಠಡಿಯಿಂದ ನಾನು ನಿವೃತ್ತನಾದ ಮೇಲೆ ಅಲ್ಲಿಗೆ ಹೊಸಬರು ಬಂದಿದ್ದಾರೆ. ಹಳೆಯ ಬಿಲ್ಲುಗಳನ್ನು ಕೂಡಿಹಾಕಿ ದುರಸ್ತಿ ಮಾಡುವ ಹವ್ಯಾಸದವರೂ ಈಗ ಅಲ್ಲಲ್ಲಿ ಹುಟ್ಟಿಕೊಂಡಿದ್ದಾರೆ. ಅವರು ಫೋನ್ ಮಾಡಿ ಕೇಳುವುದು ಯಾವ ಎಣ್ಣೆ, ಯಾವ ಅಂಟು, ಯಾವ ನೂಲು ಎಂದು. ಅದನ್ನೆಲ್ಲ ಹೇಳುತ್ತೇನೆ. ಆದರೆ ಈ ಕೆಲಸ ನಿಜವಾಗಿ ಹೇಗಿತ್ತೆಂದು ಯಾರೂ ಕೇಳುವುದಿಲ್ಲ. ಅದನ್ನು ಬರೆದಿಡೋಣವೆಂದು ಕೂತಿದ್ದೇನೆ.

ಒಂದು ಎಚ್ಚರಿಕೆ. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವನು. ಈ ಬರಹಕ್ಕಾಗಿ ಹಳೆಯವನ್ನು ತೆಗೆದು ನೋಡಿದರೆ, ನನ್ನ ನೆನಪಿಗೂ ದಿನಚರಿಗೂ ಹೊಂದುವುದೇ ಇಲ್ಲ. ದಿನಚರಿಯೇ ಸರಿ ಎನ್ನಲೂ ಧೈರ್ಯವಿಲ್ಲ. ದಣಿದು ಬಂದ ಸಂಜೆ, ತನ್ನನ್ನು ತಾನು ಒಳ್ಳೆಯವನೆಂದುಕೊಳ್ಳಲು ಬಯಸುವ ಮನುಷ್ಯ ಬರೆದದ್ದು ಅದು. ಆದ್ದರಿಂದ ಖಚಿತವಾಗಿ ಗೊತ್ತಿರುವುದನ್ನು ಗೊತ್ತು ಎನ್ನುತ್ತೇನೆ, ಉಳಿದದ್ದನ್ನು ನನಗೆ ಹಾಗೆ ಅನ್ನಿಸುತ್ತದೆ ಎನ್ನುತ್ತೇನೆ.

ನಾನು ಓದಿದ್ದು ಭೌತಶಾಸ್ತ್ರ. ಉಪನ್ಯಾಸಕನಾಗಬೇಕೆಂದಿದ್ದವನು ಸಲಕರಣೆ ಮೇಲ್ವಿಚಾರಕನಾದೆ. ಕೊಠಡಿ ಕಡಲೆಕಾಯಿ ಎಣ್ಣೆ ಮಿಲ್ಲುಗಳ ಹಿಂದೆ ಇತ್ತು. ತಗಡಿನ ಮಾಡು. ಬೇರೆ ಜಿಲ್ಲೆಗಳ ಕೇಂದ್ರಗಳು ಬೇಡವೆಂದು ತಳ್ಳಿದ ಬಿಲ್ಲುಗಳು ಗೋಣಿಚೀಲದಲ್ಲಿ ತುಂಬಿ ನಮ್ಮಲ್ಲಿಗೆ ಬರುತ್ತಿದ್ದವು. ಹೊಸ ಬಿಲ್ಲುಗಳನ್ನು ನಮಗೆ ಯಾರೂ ಕೊಡುತ್ತಿರಲಿಲ್ಲ. ಬಂದವುಗಳಲ್ಲಿ ಕೆಲವು ನಾನು ಹುಟ್ಟಿದ ಕಾಲಕ್ಕೆ ಹತ್ತಿರದವು, ವಿದೇಶಿ ತರಬೇತುದಾರರು ಬಿಟ್ಟುಹೋದವು. ಮೆಗ್ನೀಸಿಯಂ ಲೋಹದ ಹಿಡಿ, ಮರ ಮತ್ತು ಗಾಜುನಾರಿನ ಪದರಗಳನ್ನು ಅಂಟಿಸಿ ಮಾಡಿದ ಎರಡು ತೋಳುಗಳು, ತೋಳಿನ ತುದಿಗೊಂದು ಗಾಲಿ, ಗಾಲಿ ತಿರುಗಲು ನಡುವೆ ಒಂದೊಂದು ಉಕ್ಕಿನ ಪಿನ್ನು. ಗಾಲಿಗಳ ಮೇಲೆ ಹಾಯುವ ಉಕ್ಕಿನ ತಂತಿ. ತಂತಿಯ ತುದಿಯಲ್ಲಿ ಕಣ್ಣಹನಿಯಾಕಾರದ ಲೋಹದ ಕೊಕ್ಕೆ. ಆ ಎರಡು ಕೊಕ್ಕೆಗಳ ನಡುವೆ ನೂಲಿನ ಹೆದೆ. ಊರಿನವರು ಗಾಲಿಬಿಲ್ಲು ಎನ್ನುತ್ತಿದ್ದರು. ಈಗಿನ ಬಿಲ್ಲುಗಳಲ್ಲಿ ಉಕ್ಕಿನ ತಂತಿ ಇಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಬೇಸಗೆಯಲ್ಲೇ ಒಂದು ಪಾಠವಾಯಿತು. ಎರಡು ಬಿಲ್ಲುಗಳನ್ನು ಒಪ್ಪವಾಗಿ ತಿಕ್ಕಿ ಗೋಡೆಗೆ ತೂಗುಹಾಕಿ ಊರಿಗೆ ಹೋಗಿದ್ದೆ. ಬಂದು ನೋಡಿದರೆ ತೋಳುಗಳ ಪದರಗಳು ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿದ್ದವು. ಆ ತಗಡಿನಡಿಯ ಕಾವಿಗೆ ಯಾವ ಅಂಟೂ ನಿಲ್ಲದು. ಅಂದಿನಿಂದ ಬಿಲ್ಲುಗಳನ್ನು ನೆಲದ ಹತ್ತಿರ, ಗೋಡೆಯ ನೆರಳಿನ ಬದಿಗೆ ಮಲಗಿಸಿ ಇಡತೊಡಗಿದೆ. ತೋಳಿನ ಮೇಲೆ ಹತ್ತಿಯ ಉಂಡೆ ಎಳೆದು ನೋಡುವುದನ್ನೂ ಆಗ ಕಲಿತೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಹತ್ತಿಯ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿತೆಂದರೆ ಆ ಬಿಲ್ಲು ನೋಡಲಿಕ್ಕೆ ಮಾತ್ರ, ಎಳೆಯಲಿಕ್ಕಲ್ಲ.

ಇನ್ನೊಂದು ಪಾಠವನ್ನು ನಮ್ಮ ಉಪನಿರ್ದೇಶಕರು ಕಲಿಸಿದರು. ಅವರು ಕೆಟ್ಟವರಲ್ಲ, ಆದರೆ ಸಮಾರಂಭವೆಂದರೆ ಮೈಮರೆಯುವವರು. ಶಿಬಿರವೊಂದರ ಉದ್ಘಾಟನೆಗೆ ಬಂದ ಅತಿಥಿಯ ಕೈಗೆ, ಹೂವಿನ ಹಾರ ಕೊರಳಲ್ಲಿರುವಾಗಲೇ, ನಾನು ತಿಂಗಳುಗಟ್ಟಲೆ ಕೂತು ಎತ್ತಿ ನಿಲ್ಲಿಸಿದ್ದ ಬಿಲ್ಲೊಂದನ್ನು ಕೊಟ್ಟುಬಿಟ್ಟರು.

"ಎಳೀರಿ ಸಾರ್, ಒಂದು ಫೋಟೋ ಆಗ್ಲಿ."

"ಬಾಣ ಇಲ್ಲದೆ ಬಿಡಬಾರದು ಸಾರ್" ಎಂದು ನಾನು ಮುಂದೆ ಹೋದೆ.

"ಏಯ್, ಬಾಣ ಇದ್ರೆ ಯಾರಿಗಾದ್ರೂ ಚುಚ್ಚುತ್ತೆ ಕಣ್ರೀ! ಬಾಣ ಇಲ್ದಿದ್ರೆ ಏನಾಗುತ್ತೆ?" ಎಂದು ಉಪನಿರ್ದೇಶಕರು ನಕ್ಕರು. ಎಲ್ಲರೂ ನಕ್ಕರು.

ಅತಿಥಿ ಎಳೆದು ಬಿಟ್ಟರು. ಬಾಣವಿದ್ದರೆ ಬಿಲ್ಲಿನ ಬಲವೆಲ್ಲ ಬಾಣಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಅದು ಬಿಲ್ಲಿಗೇ ತಿರುಗುತ್ತದೆ. ಪಟಾಕಿಯಂಥ ಸದ್ದಾಯಿತು. ಮೇಲಿನ ತೋಳು ಸೀಳಿ, ಗಾಲಿ ಕಳಚಿ ವೇದಿಕೆಯ ಹಿಂದಿನ ಬ್ಯಾನರಿಗೆ ಹೋಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅತಿಥಿಯ ಹಾರ ಮಾತ್ರ ಹರಿದಿತ್ತು. ಅದಾದ ಮೇಲೆ ಎಷ್ಟೋ ದಿನ ನಾವು ಈ ಘಟನೆಯನ್ನು ತಮಾಷೆಯಾಗಿಯೇ ಹೇಳಿಕೊಂಡು ತಿರುಗಿದೆವು. ಇಂದು ಬರೆಯುವಾಗ ನನಗೆ ಅದರಲ್ಲಿ ನಗುವಂಥದ್ದು ಏನಿತ್ತೆಂದು ತಿಳಿಯುತ್ತಿಲ್ಲ.

ನನಗೆ ದೊಡ್ಡ ತಲೆನೋವಾಗಿದ್ದು ಹೆದೆ. ಹೊಸ ಕಾಲದ ನೂಲು ಉಕ್ಕಿಗಿಂತ ಗಟ್ಟಿ, ಒಂದಿಷ್ಟೂ ಹಿಗ್ಗುವುದಿಲ್ಲ. ಹಳೆಯ ತೋಳುಗಳು ಆ ಪೆಟ್ಟು ತಾಳಲಾರವು. ಅವುಗಳಿಗೆ ತುಸು ಹಿಗ್ಗುವ ಹಳೆಯ ಡೆಕ್ರಾನ್ ನೂಲೇ ಆಗಬೇಕು. ಹೇಗೋ ಕೆಲವು ಉರುಳೆ ತರಿಸಿದೆ. ಒಂದು ಹಲಗೆಗೆ ಎರಡು ಕಬ್ಬಿಣದ ಗೂಟ ಬಡಿದು, ಒಂದೇ ನೂಲನ್ನು ಅವೆರಡರ ಸುತ್ತ ಹಲವು ಸುತ್ತು ಸುತ್ತಿ, ಆಮೇಲೆ ಎರಡು ತುದಿಯ ಕುಣಿಕೆಗಳಿಗೂ ಮೇಲಿಂದ ಇನ್ನೊಂದು ನೂಲನ್ನು ಬಿಗಿಯಾಗಿ ಹೊದಿಸಬೇಕು. ಕೇಳಲು ಸುಲಭ. ಎಲ್ಲ ಸುತ್ತಿನಲ್ಲೂ ಒಂದೇ ಬಿಗಿ ಇರಬೇಕು. ಒಂದು ಎಳೆ ಸಡಿಲವಾದರೂ ಉಳಿದವು ಅದರ ಭಾರ ಹೊರುತ್ತವೆ. ನನ್ನ ಕೈಗೆ ಆ ಒಂದೇ ಬಿಗಿ ಬರಲೇ ಇಲ್ಲ.

ಹಾಗಾಗಿ ನಾನು ಮೊಳಕಾಲ್ಮೂರಿಗೆ ಹೋದೆ. ರೇಷ್ಮೆ ಸೀರೆ ನೇಯುವ ಊರಿನಲ್ಲಿ ನೂಲಿನ ಬಿಗಿ ಗೊತ್ತಿರುವ ಕೈಗಳಿಗೆ ಬರವಿಲ್ಲ. ಕೇಳುತ್ತ ಹೋದಾಗ ನರಸಮ್ಮನ ಮನೆ ತೋರಿಸಿದರು. ವಯಸ್ಸಾದವಳು, ತಾನು ನೇಯುವವಳಲ್ಲ. ಕೆಚ್ಚುವವಳು. ಉದ್ದೆಳೆಗಳ ಒಂದು ಹಾಸು ಮುಗಿದು ಮಗ್ಗಕ್ಕೆ ಹೊಸ ಹಾಸು ಏರಿಸುವಾಗ, ಹಳೆಯ ಹಾಸಿನ ಪ್ರತಿ ಎಳೆಗೂ ಹೊಸದರ ಒಂದೊಂದು ಎಳೆಯನ್ನು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲಿಗೆ ಸಿಕ್ಕಿಬೀಳುತ್ತದೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಹೊಸೆದು ಒಂದು ಮಾಡುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಸೇರಿದ ಜಾಗ ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಅವಳ ಹೆಬ್ಬೆರಳು ತೋರುಬೆರಳುಗಳ ತುದಿ ನುಣ್ಣಗೆ ಸವೆದಿದ್ದವು.

ನಾನು ಒಯ್ದಿದ್ದ ಬಿಲ್ಲನ್ನು ನೋಡಿ ಅವಳು ಗಲ್ಲಕ್ಕೆ ಕೈ ಇಟ್ಟಳು.

"ಅಯ್ಯೋ ನಾಯ್ನಾ, ಇದು ಬಿಲ್ಲಾ? ಸೈಕಲ್ ಬಿಚ್ಚಿ ಕಟ್ದಂಗೈತೆ!"

"ಇದಕ್ಕೆ ದಾರ ಮಾಡಿಕೊಡ್ಬೇಕಮ್ಮ."

"ಎಷ್ಟು ಬಿಗಿ?"

ತೋರಿಸಿದೆ. ಅವಳು ನೂಲನ್ನು ಹಲ್ಲಿನಲ್ಲಿ ಕಚ್ಚಿ, ಎಳೆದು, ಕಿವಿಯ ಹತ್ತಿರ ಮೀಟಿ ನೋಡಿದಳು. "ಮೇಣ ಹಚ್ಚಿದ ನೂಲು. ಇದು ರೇಷ್ಮೆ ಮುಂದೆ ಎಮ್ಮೆ ಇದ್ದಂಗೆ ಸಾರು. ಏನೂ ಕಷ್ಟ ಇಲ್ಲ, ನೂಲು, ಗೂಟದ ಹಲಗೆ ಇಟ್ಟು ಹೋಗ್ರಿ."

ಆವತ್ತು ನಾನು ಅವಳಿಗೆ ಒಂದು ಮಾತು ಹೇಳಿದೆ. ಇದರ ಬಗ್ಗೆ ನನಗೆ ಸಂಶಯವಿಲ್ಲ, ಏಕೆಂದರೆ ಮುಂದೆ ಅವಳೇ ಅದನ್ನು ನನಗೆ ತಿರುಗಿ ಹೇಳಿದಳು. ಸುತ್ತುವಾಗ ನೂಲು ಎಲ್ಲಿ ಹರಿದರೂ ಇಡೀ ಹೆದೆಯನ್ನು ಎಸೆದುಬಿಡಿ, ಮತ್ತೆ ಮೊದಲಿಂದ ಸುತ್ತಿ ಎಂದೆ. ಅವಳು ನಕ್ಕು, "ಸರ್ಕಾರದೋರಿಗೆ ದೊಡ್ಡ ಮನಸು" ಎಂದಳು.

ಅವಳು ಮಾಡಿದ ಹೆದೆಗಳು ನಾನು ಕಂಡ ಯಾವ ಕಾರ್ಖಾನೆಯ ಹೆದೆಗೂ ಕಡಿಮೆಯಿರಲಿಲ್ಲ. ಗುಂಪಾಗಿ ಬೀಳುವ ಬಾಣಗಳನ್ನು ನೋಡಿಯೇ ಅದು ತಿಳಿಯುತ್ತಿತ್ತು. ಬಸ್ಸಿನಲ್ಲಿ ತಳಕು ಊರು ದಾಟಿ ಅವಳ ಮನೆಗೆ ಹೋಗುವುದು, ನೂಲು ಕೊಡುವುದು, ಹೆದೆ ತರುವುದು ವರ್ಷಗಟ್ಟಲೆ ನಡೆಯಿತು.

ಪಿನ್ನುಗಳಿಗೆ ನಾನು ಬೇರೆ ಊರಿಗೆ ಹೋಗಬೇಕಾಗಿರಲಿಲ್ಲ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಮಾಬುಸಾಬನ ವರ್ಕ್‌ಶಾಪಿತ್ತು. ಪಂಪು, ಟಿಲ್ಲರ್, ಬೈಕು ಎಲ್ಲವನ್ನೂ ಅವನು ರಿಪೇರಿ ಮಾಡುತ್ತಿದ್ದ. ಒಂದು ಹಳೆಯ ಲೇತ್ ಇತ್ತು. ಗಾಲಿಯ ಪಿನ್ನು ಕೂದಲೆಳೆಯಷ್ಟು ದಪ್ಪವಾದರೆ ಗಾಲಿ ಹಿಡಿಯುತ್ತದೆ, ಸಣ್ಣದಾದರೆ ಅಲುಗಾಡುತ್ತದೆ. ಮಾಬು ಅದನ್ನು ಕಡೆದು, ಎಣ್ಣೆಯಲ್ಲಿ ಅದ್ದಿ ಹದ ಮಾಡಿ, ಅಂಗಿಯ ತುದಿಗೆ ಒರೆಸಿ ಕೊಡುತ್ತಿದ್ದ.

"ಆನೆ ಕಟ್ಟಿದ್ರೂ ಮುರಿಯಲ್ಲ ಸಾರ್."

"ಆನೆ ಬೇಡ, ನಿನ್ ಮಗಳು ಎಳೆದ್ರೆ ಮುರೀಬಾರ್ದು, ಅಷ್ಟೇ."

"ಅರೆ, ಅವಳು ಆನೆಗಿಂತ ಜಾಸ್ತಿ! ನನ್ನ ಮಾತು ಎಂದಾದ್ರೂ ಕೇಳವ್ಳಾ?"

ಮಗಳ ಹೆಸರು ನಸ್ರೀನ್. ನಮ್ಮ ಕೇಂದ್ರಕ್ಕೆ ಶಾಲೆಯ ದಿನಗಳಿಂದ ಬರುತ್ತಿದ್ದಳು. ಪದವಿ ಮುಗಿಸಿ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ಆಯ್ಕೆಗೆ ತಯಾರಾಗುತ್ತಿದ್ದಳು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕಡೆಯ ಅವಕಾಶ. ಅವಳ ಉದ್ದದ ತೋಳಿಗೆ ಹೊಂದಿದ್ದು ನಮ್ಮಲ್ಲಿದ್ದ ಒಂದೇ ಬಿಲ್ಲು, ಗೋಣಿಚೀಲದಲ್ಲಿ ತೋಳು ಬೇರೆ ಹಿಡಿ ಬೇರೆಯಾಗಿ ಬಂದದ್ದು. ಅದನ್ನು ನಾನು, ಮಾಬು, ನರಸಮ್ಮ ಮೂವರೂ ಸೇರಿ ಬಿಲ್ಲು ಮಾಡಿದ್ದೆವು. ಅಲ್ಲಿಯತನಕ ಮೂವರೂ ಎಂದೂ ಒಂದೆಡೆ ಕೂತಿರಲಿಲ್ಲ.

"ಸಾರ್, ಕೋಟಾದಲ್ಲಿ ಸಿಕ್ಕಿದ್ರೆ ಫಸ್ಟು ಅಬ್ಬಾಗೆ ಹೆಲ್ಮೆಟ್ ಇಲ್ಲ ಅಂತ ಫೈನ್ ಹಾಕ್ತೀನಿ" ಎಂದು ಅವಳು ಅಪ್ಪನೆದುರಿಗೇ ಹೇಳುತ್ತಿದ್ದಳು.

"ಹಾಕಮ್ಮ, ಹಾಕು. ಅದೇ ಕೈಯಲ್ಲಿ ರಸೀದಿ ಕೊಡು, ಫ್ರೇಮ್ ಹಾಕಿಸ್ತೀನಿ" ಎನ್ನುತ್ತಿದ್ದ ಮಾಬು.

ಆ ಬೇಸಗೆಯ ಬೆಳಗ್ಗೆ ನಾನು ಮೈದಾನದಲ್ಲಿದ್ದೆ. ನಸ್ರೀನ್ ನನ್ನಿಂದ ಹತ್ತಿಪ್ಪತ್ತು ಮಾರು ದೂರ ಎಳೆದು ನಿಂತಿದ್ದಳು. ನಾನು ಅವಳನ್ನು ನೋಡುತ್ತಿದ್ದೆನೋ ಗುರಿಹಲಗೆಯನ್ನು ನೋಡುತ್ತಿದ್ದೆನೋ ಎಂದು ಅನೇಕರು ಕೇಳಿದರು. ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಎರಡೂ ಕಾಣುತ್ತವೆ, ಎರಡೂ ಸಾಧ್ಯವಿಲ್ಲ. ಸದ್ದು ಮಾತ್ರ ಖಚಿತ. ಆ ಸದ್ದನ್ನು ನಾನು ಹಿಂದೊಮ್ಮೆ ಹೂವಿನ ಹಾರದ ಪಕ್ಕದಲ್ಲಿ ಕೇಳಿದ್ದೆ. ಅವಳು ಕುಸಿದು ಕೂತಿದ್ದಳು. ಬಲಗೈ ಮುಖದ ಮೇಲಿತ್ತು. ಉಕ್ಕಿನ ತಂತಿಯ ತುದಿಯ ಕೊಕ್ಕೆ ಅವಳ ಬಲಗಣ್ಣಿಗೆ ಹೊಡೆದಿತ್ತು.

ಅವಳು ಅಳಲಿಲ್ಲ. "ಸಾರ್, ಬಿಲ್ಲು ನೋಡಿ, ಬಿಲ್ಲಿಗೆ ಏನಾಯ್ತು ನೋಡಿ" ಎನ್ನುತ್ತಿದ್ದಳು.

ಮೊದಲು ದಾವಣಗೆರೆ, ಆಮೇಲೆ ಬೆಂಗಳೂರು. ಕಣ್ಣು ಉಳಿಯಲಿಲ್ಲ.

ಘಟನೆಯ ದಿನವೇ ಮಾಬು ಮೈದಾನಕ್ಕೆ ಬಂದು, ಮುರಿದುಬಿದ್ದ ಬಿಲ್ಲನ್ನು ನೋಡಿದ್ದ. ಮೇಲಿನ ಗಾಲಿಯ ಪಿನ್ನು ಎರಡು ತುಂಡಾಗಿತ್ತು. ಅವನು ಕಡೆದ ಪಿನ್ನು. ತುಂಡನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಅಂಗಿಯ ತುದಿಗೆ ಒರೆಸಿದ. ಮರುದಿನದಿಂದ ವರ್ಕ್‌ಶಾಪಿನ ಬಾಗಿಲು ತೆರೆಯಲಿಲ್ಲ. ಆಸ್ಪತ್ರೆಯಿಂದ ಮಗಳು ಮನೆಗೆ ಬಂದ ಮೇಲೂ ಅವನು ಅವಳ ಎದುರಿಗೆ ಕೂರುತ್ತಿರಲಿಲ್ಲವಂತೆ. ಊಟದ ತಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಹೋಗುತ್ತಿದ್ದನಂತೆ. ಇದನ್ನು ನನಗೆ ಹೇಳಿದವಳು ನಸ್ರೀನ್. "ನನಗೆ ಕಣ್ಣು ಹೋಗಿದ್ದಕ್ಕಿಂತ ಅಬ್ಬಾ ಹಿಂಗೆ ಮಾಡೋದು ಜಾಸ್ತಿ ಕಷ್ಟ ಸಾರ್. ಪಿನ್ನು ಹೆಂಗೆ ಮುರೀತು ಅಂತ ನೀವಾದ್ರೂ ಹೇಳ್ರಿ ಅವರಿಗೆ."

ನಮ್ಮ ಕ್ರೀಡಾ ಇಲಾಖೆಯವರು ಬಂದು ವಿಚಾರಣೆ ಮಾಡಿದರು. ಸಲಕರಣೆ ಹಳೆಯದಾಗಿದ್ದರಿಂದ ಅವಘಡ ಎಂದರು. ಯಾರ ಮೇಲೂ ತಪ್ಪಿಲ್ಲ. ಹಳೆಯ ಬಿಲ್ಲುಗಳನ್ನು ಇನ್ನು ಮುಂದೆ ಯಾರೂ ಎಳೆಯಬಾರದು, ದುರಸ್ತಿ ಮಾಡುವುದಾದರೆ ಪ್ರದರ್ಶನಕ್ಕೆ ಮಾತ್ರ ಎಂದು ಆದೇಶವಾಯಿತು. ನನ್ನ ಉಳಿದ ಸೇವೆಯೆಲ್ಲ ಹಾಗೆ, ಯಾರೂ ಎಳೆಯದ ಬಿಲ್ಲುಗಳನ್ನು ಎಳೆಯುವ ಹಾಗೆ ಸರಿಮಾಡುವುದರಲ್ಲೇ ಕಳೆಯಿತು.

ಆದರೆ ನನಗೆ ಬೇಕಾಗಿದ್ದ ಉತ್ತರ ಬೇರೆ. ಪಿನ್ನು ಮೊದಲು ಮುರಿಯಿತೋ, ಹೆದೆ ಮೊದಲು ಹರಿಯಿತೋ? ಹೆದೆ ಮೊದಲು ಹರಿದಿದ್ದರೆ ಬಿಲ್ಲಿನ ಬಲವೆಲ್ಲ ಬಿಲ್ಲಿಗೇ ತಿರುಗಿ, ಆ ಏಟಿಗೆ ಯಾವ ಪಿನ್ನಾದರೂ ಮುರಿಯುತ್ತಿತ್ತು. ಪಿನ್ನು ಮೊದಲು ಮುರಿದಿದ್ದರೆ, ಚಿಮ್ಮಿದ ಉಕ್ಕಿನ ತಂತಿ ಹೆದೆಯನ್ನು ಕತ್ತರಿಸಿರಬೇಕು. ಕತ್ತರಿಸಿದ ನೂಲಿನ ತುದಿ ಒರಟಾಗಿ, ಕುಚ್ಚಿನ ಹಾಗೆ ಕೆದರಿರುತ್ತದೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹೆದೆಯ ತುಂಡುಗಳನ್ನು ಇಟ್ಟು, ಕುಣಿಕೆಯ ಮೇಲಿನ ಹೊದಿಕೆಯನ್ನು ಒಂದೊಂದೇ ಸುತ್ತಾಗಿ ಬಿಚ್ಚಿದೆ. ಒಳಗಿನ ಎಳೆಗಳ ತುದಿಗಳು ಕೆದರಿರಲಿಲ್ಲ. ಬಹುಪಾಲು ಎಳೆಗಳು ಒಂದೇ ಜಾಗದಲ್ಲಿ, ಇಲಿಬಾಲದ ಹಾಗೆ ಸಣ್ಣಗಾಗುತ್ತ ಮುಗಿದಿದ್ದವು. ಹರಿದ ಹಾಗಿರಲಿಲ್ಲ, ಒಂದರಿಂದೊಂದು ಜಾರಿದ ಹಾಗಿತ್ತು. ಬೆರಳಲ್ಲಿ ಉಜ್ಜಿದೆ. ಬಟ್ಟೆಯ ಮೇಲೆ ಬೂದುಬಣ್ಣದ ಪುಡಿ ಬಿತ್ತು.

ಭೌತಶಾಸ್ತ್ರ ಓದಿದವನಿಗೆ ಉತ್ತರ ಸಿಕ್ಕಾಗ ಆಗುವ ಸಣ್ಣ ಸಂತೋಷ ಆ ಕ್ಷಣದಲ್ಲಿ ನನಗೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಆ ಬೂದಿ ಯಾರ ಬೆರಳಿನದೆಂದು ಹೊಳೆಯಿತು.

ಮೊಳಕಾಲ್ಮೂರಿಗೆ ಹೋದಾಗ ನರಸಮ್ಮ ಯಾರದೋ ಮಗ್ಗದ ಹಾಸು ಕೆಚ್ಚುತ್ತಿದ್ದಳು. ನಿಲ್ಲಿಸದೆ ಮಾತಾಡಿದಳು. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ.

"ಸುತ್ತುವಾಗ ನೂಲು ಹರೀತಿತ್ತೇನಮ್ಮ?"

"ಒಂದು ಸಲ ಬಾಳ ಹರೀತು ಸಾರು. ನೋಡಿದ್ರೆ ನಿಮ್ ಹಲಗೆ ಗೂಟ. ನಮ್ಮನೆ ತಂಪಿಗೆ ತುಕ್ಕು ಹಿಡಿದು ಅಂಚು ಗರಗಸ ಆಗಿತ್ತು. ಸುತ್ತು ಸುತ್ತಿಗೂ ಅಲ್ಲೇ ಕಚ್ಚೋದು. ಆಮ್ಯಾಲೆ ಉಜ್ಜಿ ಸರಿ ಮಾಡ್ದೆ ಬಿಡ್ರಿ."

"ಹರಿದದ್ದನ್ನ ಏನ್ ಮಾಡಿದ್ರಿ?"

"ಕೆಚ್ಚಿದೆ. ಇನ್ನೇನು ಮಾಡ್ತಾರೆ?" ಅವಳು ಮೊದಲ ಬಾರಿಗೆ ತಲೆಯೆತ್ತಿದಳು. "ನೀವು ಎಸೀ ಅಂದಿದ್ರಿ. ನೆನಪೈತೆ. ದೊಡ್ಡೋರು ಹಂಗೇ ಅಂತಾರೆ. ಹಂಗಂತ ಎಸೀತಾರಾ? ಒಂದು ಎಳೆ ಹರೀತು ಅಂತ ಹಾಸು ಎಸೆದೋಳ್ನ ಈ ಬೀದ್ಯಾಗೆ ಯಾರನ್ನಾದ್ರೂ ತೋರ್ಸಿ. ನಿಮ್ ನೂಲು ಒಂದು ಗೇಣೂ ಹಾಳು ಮಾಡಿಲ್ಲ ನಾನು. ಎಲ್ಲೆಲ್ಲಿ ಸೇರಿಸೀನಿ, ಕಂಡುಹಿಡೀರಿ ನೋಡೋಣ!"

ಸವಾಲಿನ ಹಾಗೆ ನಗುತ್ತಿದ್ದಳು. ಸೀರೆಯಲ್ಲಿ ಆ ಕೆಚ್ಚು ಎಂದೂ ಬಿಡುವುದಿಲ್ಲ. ಅದರ ಮೇಲೆ ಸೀರೆಯ ಭಾರ ಮಾತ್ರ ಬೀಳುತ್ತದೆ. ಬಿಲ್ಲಿನಲ್ಲೂ ಅದು ಎಷ್ಟೋ ದಿನ ನಿಂತಿತ್ತು, ಮೇಲಿನ ಹೊದಿಕೆ ಬಿಗಿಯಾಗಿದ್ದಷ್ಟು ದಿನ. ನಾನು ಎಳೆದು ಪರೀಕ್ಷಿಸಿದಾಗಲೂ ನಿಂತಿತ್ತು. ಬೇಸಗೆಯ ಕಾವಿಗೆ ಮೇಣ ಮೆತ್ತಗಾದಾಗ ಜಾರಿರಬೇಕು. ಇದು ನನ್ನ ಊಹೆ.

ನಾನು ಅವಳಿಗೆ, ಒಂದು ಬಿಲ್ಲು ಮುರಿದು ಹುಡುಗಿಯ ಕಣ್ಣಿಗೆ ಪೆಟ್ಟಾಗಿದೆ ಎಂದೆ. ಕೆಚ್ಚುತ್ತಿದ್ದ ಬೆರಳು ನಿಂತಿತು.

"ನನ್ನ ದಾರ ಏನಾರ..."

"ಇನ್ನೂ ಗೊತ್ತಿಲ್ಲಮ್ಮ" ಎಂದು ಎದ್ದು ಬಂದೆ.

ಅವಳಿಗೆ ಹೇಳದೆ ಬಂದವನು ನೇರವಾಗಿ ಮಾಬುವಿನ ಮನೆಗೆ ಹೋಗಿ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದ. ಹೆದೆಯ ತುಂಡು, ಪಿನ್ನಿನ ತುಂಡು ಎರಡನ್ನೂ ಅವನ ಮುಂದಿಟ್ಟು ಬಿಡಿಸಿ ಹೇಳಿದೆ. ಮೆಕ್ಯಾನಿಕ್ ಮನುಷ್ಯ, ಅರ್ಧಕ್ಕೇ ಅವನಿಗೆ ಎಲ್ಲ ತಿಳಿಯಿತು. ಎಳೆಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ಪಿನ್ನಿನ ಮುರಿದ ಮುಖವನ್ನು ಉಗುರಿನಿಂದ ತಡವಿದ.

"ಏಟು ಬಿದ್ದು ಮುರಿದೈತೆ. ತಾನಾಗಿ ಮುರಿದಿಲ್ಲ" ಎಂದ, ತನಗೆ ತಾನೇ.

"ಅದನ್ನೇ ನಾನೂ ಹೇಳ್ತಿರೋದು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ. ಒಳಗಿನಿಂದ ನಸ್ರೀನ್ ಬಂದು ಹೊಸ್ತಿಲಲ್ಲಿ ನಿಂತಳು. ಅಂದು ಅವನು ಮಗಳ ಕೈಯನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ದಾರ ಯಾರು ಮಾಡಿದ್ದು ಎಂದು ಕೇಳಿದ, ಹೇಳಿದೆ. ಮರುದಿನ ವರ್ಕ್‌ಶಾಪು ತೆರೆದಿತ್ತು. ನಾನು ಆ ದಾರಿಯಲ್ಲಿ ಹೋಗುವಾಗ ಲೇತ್ ತಿರುಗುವ ಸದ್ದು ಕೇಳಿ, ಸೈಕಲ್ಲಿನಿಂದ ಇಳಿದು, ಸುಮ್ಮನೆ ನಿಂತು ಕೇಳಿದೆ.

ಇಲ್ಲಿಗೆ ಮುಗಿಸಬಹುದಿತ್ತು.

ಆ ವಾರವೇ ಇರಬೇಕು, ನರಸಮ್ಮ ಒಬ್ಬಳೇ ಬಸ್ಸು ಹತ್ತಿ ಚಳ್ಳಕೆರೆಗೆ ಬಂದಳು. ಕೇಂದ್ರವನ್ನು ಹುಡುಕಿ ಬಂದು, "ಆ ಹುಡುಗಿ ಮನೆ ತೋರ್ಸು" ಎಂದಳು. ನಾನು ಬೇಡವೆಂದೆ. "ನೀನು ಬರ್ಲಿಲ್ಲ ಅಂದ್ರೆ ಆಟೋದೋನಿಗೆ ಕೇಳ್ಕೊಂಡು ಹೋಗ್ತೀನಿ" ಎಂದಳು. ಕರೆದುಕೊಂಡು ಹೋದೆ.

ನಸ್ರೀನ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿದ್ದಳು. ಮಾಬು ಕುರ್ಚಿ ಎಳೆದು ಹಾಕಿದ. ನರಸಮ್ಮ ಕೂರಲಿಲ್ಲ. ಹುಡುಗಿಯ ಮುಖವನ್ನೇ ನೋಡಿದಳು. ಮಾಬುವಿನ ಕಡೆ ತಿರುಗಿದಳು.

"ಸಾಬರೇ, ಈ ಸಾರು ನಿಜ ಹೇಳ್ತಿಲ್ಲ. ನೀವು ಮಿಷಿನ್ ಬಲ್ಲೋರು. ನೀವು ಹೇಳ್ರಿ. ನನ್ನ ಕೆಚ್ಚು ಬಿಡ್ತಾ?"

ಹೊರಗೆ ಯಾರೋ ಹಾರ್ನ್ ಹೊಡೆಯುತ್ತಿದ್ದರು.

"ಇಲ್ಲಮ್ಮ" ಎಂದ ಮಾಬು. "ನಿಮ್ಮ ದಾರ ಏನೂ ಮಾಡಿಲ್ಲ. ಪಿನ್ನು ಹೋಯ್ತು. ನಾನು ಮಾಡಿದ ಪಿನ್ನು."

ನಾನು ಬಾಯಿ ತೆರೆದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಮುಚ್ಚಿದೆ.

"ಖರೇನಾ?"

"ಖರೇ ಅಮ್ಮ. ಉಕ್ಕು ಕಚ್ಚಾ ಇತ್ತು. ನನಗೆ ತಿಳೀಲಿಲ್ಲ. ನನ್ನ ಮಗಳು, ನನ್ನ ಪಿನ್ನು. ನಿಮಗ್ಯಾಕೆ ಆ ಭಾರ? ಕೂತ್ಕೊಳ್ರಿ, ಚಾಯ್ ಕುಡೀರಿ."

ನರಸಮ್ಮ ಆಗ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಕೆಚ್ಚು ಇಲ್ಲೀತನ್ಕ ಬಿಟ್ಟಿಲ್ಲ ಸಾಬರೇ, ಅದಕ್ಕೇ ಕೇಳ್ದೆ" ಎಂದಳು. ಆಮೇಲೆ ಮಾಬುವಿನ ತೋಳನ್ನು ತಟ್ಟಿ, "ಬೇಕಂತ ಮಾಡಿದ್ದಾ ನೀವು? ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ಅವನಿಗೇ ಸಮಾಧಾನ ಹೇಳಿದಳು. ನಸ್ರೀನ್ ಒಂದೇ ಕಣ್ಣಿನಲ್ಲಿ ಅಪ್ಪನನ್ನು ನೋಡುತ್ತಿದ್ದಳು.

ಇದಾಗಿ ವರ್ಷಗಳಾದವು. ನರಸಮ್ಮ ಕೊನೆಯತನಕ ಕೆಚ್ಚುತ್ತಲೇ ಇದ್ದಳಂತೆ. ತೀರಿಕೊಂಡ ಸುದ್ದಿಯನ್ನು ನಾನೇ ಮಾಬುವಿನ ಮನೆಗೆ ಮುಟ್ಟಿಸಿದೆ. ನಸ್ರೀನ್ ಈಗ ಊರಿನ ಒಂದು ಕಡಲೆಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಬಿಲ್ಲು ಮುಟ್ಟಿಲ್ಲ.

ನಿವೃತ್ತಿಯ ವಾರ ನಾನು ಮಾಬುವನ್ನು ಕಾಣಲು ಹೋದೆ. ವರ್ಕ್‌ಶಾಪಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಲೇತನ್ನು ಬಹಳ ಹಿಂದೆಯೇ ಮಾರಿದ್ದನಂತೆ. ಮನೆಯ ಕಟ್ಟೆಯ ಮೇಲೆ, ಬಾಡಿಗೆಗೆ ಬಂದ ಹೊಸ ಮೇಷ್ಟ್ರ ಜೊತೆ ಮಾತಾಡುತ್ತ ಕೂತಿದ್ದ. ನನ್ನನ್ನು ಪರಿಚಯಿಸಿದ.

"ಇವರೇ ಬಿಲ್ಲಿನ ಸಾರು. ನನ್ನ ಪಿನ್ನು ಮುರಿದು ಮಗಳ ಕಣ್ಣು ಹೋಯ್ತು ಅಂದ್ನಲ್ಲ, ಅವಾಗ ಆಸ್ಪತ್ರೆಗೆ ಓಡಾಡ್ದೋರು ಇವರೇ."

ಮೇಷ್ಟ್ರು ಹೋದ ಮೇಲೆ ಕೇಳಿದೆ. "ಮಾಬು, ಅದು ಪಿನ್ನಲ್ಲವಲ್ಲ. ದಾರ ತಾನೆ? ಇದೇ ಕಟ್ಟೆಯ ಮೇಲೆ ತೋರಿಸಿದ್ದೆ ನಿನಗೆ."

"ಯಾವ ದಾರ ಸಾರ್?"

ನಾಟಕವಾಡುತ್ತಿದ್ದಾನೆಂದುಕೊಂಡು ಕಣ್ಣು ನೋಡಿದೆ. ನಾಟಕವಿರಲಿಲ್ಲ. "ಉಕ್ಕು ಕಚ್ಚಾ ಇತ್ತು ಸಾರ್, ನನಗೆ ತಿಳೀಲಿಲ್ಲ" ಎಂದ. ಆವತ್ತು ನರಸಮ್ಮನಿಗೆ ಹೇಳಿದ ಅದೇ ಮಾತು, ಅದೇ ಕ್ರಮದಲ್ಲಿ. "ನಿಮಗೆ ವಯಸ್ಸಾಯ್ತು, ಮರೆವು ಬಂದೈತೆ" ಎಂದು ನನ್ನ ಕೈಯನ್ನು ಒತ್ತಿದ. ಒಂದು ಕ್ಷಣ ನನಗೂ ಅನ್ನಿಸಿತು: ನಾನು ಬಿಳಿ ಬಟ್ಟೆಯ ಮೇಲೆ ಬೂದಿ ಕಂಡದ್ದು ನಿಜವೇ? ಅಥವಾ ಅವನು ಕಟ್ಟೆಯ ಮೇಲೆ ಊಟ ಮಾಡುವುದನ್ನು ನೋಡಲಾರದೆ ನಾನೇ ಕಂಡುಕೊಂಡದ್ದೇ? ನನ್ನ ದಿನಚರಿಯಲ್ಲಿ ಆ ತಿಂಗಳು ಪೂರ್ತಿ ಖಾಲಿ.

ಮಂಡಿಗೆ ಹೋಗಿ ನಸ್ರೀನಳನ್ನು ಹೊರಗೆ ಕರೆದು ಕೇಳಿದೆ.

"ದಾರಾನೇ ಸಾರ್. ನಿಮಗೆ ಮರೆವು ಬಂದಿಲ್ಲ" ಎಂದಳು. ಲೋಡು ಇಳಿಸುವ ಹಮಾಲರಿಗೆ ದಾರಿ ಬಿಟ್ಟು ನಾವು ಗೋಡೆಗೆ ಒರಗಿ ನಿಂತೆವು. "ಅವತ್ತು ಅಜ್ಜಿ ಹೋದ್ಮೇಲೆ ನಾನು ಕೇಳಿದ್ದೆ, ಯಾಕಬ್ಬಾ ಸುಳ್ಳು ಹೇಳ್ದೆ ಅಂತ. ಆ ಮುದುಕಿ ಇನ್ನೆಷ್ಟು ದಿನ ಇರ್ತಾಳೆ, ಅವಳು ಇರೋತನಕ ಹಿಂಗೇ ಇರ್ಲಿ ಅಂದ್ರು. ಅವಳ ಮನೆಯವರ ಕಿವಿಗೆ ಬೀಳಬಾರ್ದು ಅಂತ ಕೇಳ್ದೋರಿಗೆಲ್ಲ ಪಿನ್ನು ಪಿನ್ನು ಅಂತಾನೇ ಹೇಳ್ಕೊಂಡು ಬಂದ್ರು. ಆಮೇಲೆ ಯಾವಾಗಲೋ ಮತ್ತೆ ತಟ್ಟೆ ಹಿಡ್ಕೊಂಡು ಕಟ್ಟೆಗೆ ಹೋಗೋಕೆ ಶುರು ಮಾಡಿದ್ರು. ಅಜ್ಜಿ ತೀರ್ಕೊಂಡ್ರು ಅಂತ ನೀವು ಬಂದು ಹೇಳಿದ್ರಲ್ಲ, ಅವತ್ತು ನಾನು ಕಾದೆ ಸಾರ್. ಈಗ ಹೇಳ್ತಾರೆ, ಈಗ ಆ ಭಾರ ಇಳಿಸ್ತಾರೆ ಅಂತ."

"ಹೇಳಲಿಲ್ಲವೇ?"

"ಇಲ್ಲ."

"ನೀನೇ ಹೇಳಬೇಕಿತ್ತಮ್ಮ."

"ಹೇಳ್ದೆ ಸಾರ್. ಅಬ್ಬಾ, ನಿನ್ನ ಪಿನ್ನಲ್ಲ ಅದು, ದಾರ ಅಂತ. ನನ್ನ ತಲೆ ಸವರಿ, 'ನನ್ನ ಸಮಾಧಾನಕ್ಕೆ ಅಂತ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀಯ ಬೇಟಾ' ಅಂದ್ರು."